ನಡುವಂಗಳದ ಗುಂಡಿಗಳು

ಎಲ್ ಆಲ್ಟೊ
ಮಾರ್ಚ್ 4

ಮಗಳು ಎಲ್ವಿರಾಳಿಗೆ,

ಫೋನಿರುವಾಗ ಕಾಗದ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನೀನು ಹೂಂ ಹೂಂ ಎನ್ನುತ್ತಾ ಆ ಕಡೆ ಕಂಪ್ಯೂಟರ್ ಕುಟ್ಟುವುದು ನನಗೆ ಚೆನ್ನಾಗಿ ಕೇಳಿಸುತ್ತದೆ. ಕಾಗದವನ್ನಾದರೆ ಪೂರ್ತಿ ಓದಲೇಬೇಕು. ಸಾಂತಾ ಕ್ರೂಸ್ ಬಸ್ಸಿನ ಡ್ರೈವರ್ ಕೈಯಲ್ಲಿ ಒಣ ಆಲೂಗಡ್ಡೆಯ ಗಂಟಿನ ಜೊತೆ ಕಳಿಸುತ್ತಿದ್ದೇನೆ. ಗಂಡನಿಗೂ ಬೇಯಿಸಿ ಹಾಕು. ಕೆಳನಾಡಿನ ನಿನ್ನ ರೋಲಿ ಅದನ್ನು ಕಲ್ಲು ಎನ್ನುತ್ತಾನೆ, ಎನ್ನಲಿ.

ಆಸ್ಪತ್ರೆ ಕೊನೆಗೂ ತೆರೆಯಿತು. ಮಂತ್ರಿಗಳು ಬಂದು ರಿಬ್ಬನ್ ಕತ್ತರಿಸಿದರು. ಅದಕ್ಕಾಗಿ ವರ್ಷಗಟ್ಟಲೆ ರಸ್ತೆ ತಡೆದು ಅಶ್ರುವಾಯು ಕುಡಿದ ನಾವು ಹಿಂದೆ ನಿಂತು ಚಪ್ಪಾಳೆ ತಟ್ಟಿದೆವು. ಕಟ್ಟಡ ಚೆನ್ನಾಗಿದೆ, ಸುಳ್ಳು ಹೇಳಬಾರದು. ಉತ್ತರಕ್ಕೆ ಮುಖ ಮಾಡಿದ ಉದ್ದನೆಯ ಜಗಲಿ, ಬಿಸಿಲು ರೋಗಿಯ ಹಾಸಿಗೆಯ ತನಕ ಬರುತ್ತದೆ. ಮೆಟ್ಟಿಲಿನ ಬದಲು ಇಳಿಜಾರು ದಾರಿ ಇರುವುದರಿಂದ ಮುದುಕರು ಏದುಸಿರು ಬಿಡದೆ ಮೂರನೇ ಮಹಡಿಗೆ ಹೋಗುತ್ತಾರೆ. ಬಯಲಿನ ಗಾಳಿಗೆ ಅಡ್ಡವಾಗಿ ಕಟ್ಟಿದ ಇಟ್ಟಿಗೆ ಗೋಡೆಯೂ ಸರಿಯಾಗಿದೆ. ನನ್ನ ಆಪಿ ಗಾಡಿಯನ್ನು ಅದರ ಮರೆಯಲ್ಲೇ ನಿಲ್ಲಿಸಿಕೊಂಡಿದ್ದೇನೆ. ನೇರಳೆ ಜೋಳದ ಬಿಸಿ ಆಪಿ ಲೋಟಕ್ಕೆ ಬಗ್ಗಿಸಿದ ಮೇಲೂ ಈಗ ಬೇಗ ಆರುವುದಿಲ್ಲ.

ತಕರಾರಿರುವುದು ನೀನು ಮಾಡಿದ ತೋಟದ ಮೇಲೆ. ನಡುವಂಗಳ ನೋಡಿದೆ. ಎಲ್ಲ ವಾರ್ಡುಗಳ ಕಿಟಕಿಗಳೂ ಅದರ ಕಡೆಗೇ ತೆರೆಯುತ್ತವೆ. ಅಂಚಿಗೆ ಕಾಂತೂತಾ ಹೂವಿನ ಗಿಡ, ಮೂಲೆಗಳಲ್ಲಿ ಕಿಸ್ವಾರಾ ಸಸಿ, ಉಳಿದದ್ದೆಲ್ಲ ಹುಲ್ಲು. ಹುಲ್ಲು ತಿನ್ನಲು ಕುರಿ ಬಿಡುವಂತಿಲ್ಲ, ತುಳಿಯುವಂತಿಲ್ಲ, ಕೂರಲು ಒಂದು ಬೆಂಚೂ ಇಲ್ಲ. ಮಗಳು ಓದಿ ದೊಡ್ಡ ವಿನ್ಯಾಸಕಿಯಾಗಿ ನಮ್ಮ ಏರಿಯಾಗೆ ಕೊಟ್ಟಿದ್ದು ನೋಡುವ ಹುಲ್ಲು!

ಹೆರಿಗೆಯಾಗುವ ತನಕ ಈ ಎತ್ತರಕ್ಕೆ ಹತ್ತಬಾರದು, ರಕ್ತದೊತ್ತಡ ಏರುತ್ತದೆ ಎಂದು ಡಾಕ್ಟರ್ ಹೇಳಿದ್ದರೆ ಹತ್ತಬೇಡ. ಇಲ್ಲಿ ನೋಡಿಕೊಳ್ಳಲು ನಾನಿದ್ದೇನೆ. ಹುಲ್ಲಿನಲ್ಲಿ ಅಲ್ಲಲ್ಲಿ ಗುಂಡಿಗಳು ಬಿದ್ದಿವೆ ಎಂದು ಆಸ್ಪತ್ರೆಯ ನಿರ್ದೇಶಕರು ನಿನಗೆ ದೂರು ಹೇಳಬಹುದು. ನಾಯಿಗಳಿರಬೇಕು. ತಲೆಗೆ ಹಚ್ಚಿಕೊಳ್ಳಬೇಡ.

ನಿನ್ನ ಅವ್ವ,
ನಿಕಾಸಿಯಾ


ಸಾಂತಾ ಕ್ರೂಸ್
ಮಾರ್ಚ್ 21

ಅವ್ವಾ,

ಬೆಂಚು ನಕ್ಷೆಯಲ್ಲಿತ್ತು. ಕಾಂಟ್ರಾಕ್ಟರ್ ಖರ್ಚು ಉಳಿಸಲು ಹೊಡೆದುಹಾಕಿದ. ಅದಕ್ಕೂ ನನ್ನನ್ನೇ ಬೈಯುತ್ತೀಯ.

ಹುಲ್ಲು ಯಾಕೆ ಎಂದು ಕೇಳಿದ್ದೀಯ. ನಮ್ಮ ಊರಿನಲ್ಲಿ ಹುಟ್ಟಿದವನು ಸಾಯುವ ತನಕ ನೋಡುವುದು ಇಟ್ಟಿಗೆ ಮತ್ತು ಧೂಳು. ಹೊಟ್ಟೆ ಕೊಯ್ಸಿಕೊಂಡು ಮಲಗಿದವನು ತಲೆ ಹೊರಳಿಸಿದಾಗ ಒಂದಿಷ್ಟು ಹಸಿರು ಕಾಣಲಿ ಎಂದೇ ಆ ಅಂಗಳ ಬಿಡಿಸಿದ್ದು. ಅಪ್ಪ ಹಳೇ ಆಸ್ಪತ್ರೆಯ ಕಾರಿಡಾರಿನಲ್ಲಿ ಮಲಗಿದ್ದಾಗ ಕಣ್ಣೆದುರಿಗೆ ಏನಿತ್ತು ನೆನಪಿದೆಯೇ? ಸಿಮೆಂಟಿನ ಗೋಡೆ, ಅದರ ಮೇಲೆ ಎಣ್ಣೆ ಬಣ್ಣ. ನನಗೆ ಆ ಬಣ್ಣ ಇವತ್ತಿಗೂ ಕಂಡರಾಗುವುದಿಲ್ಲ.

ನಿರ್ದೇಶಕ ವಾಲ್ದಿವಿಯೆಸೊ ಫೋಟೋ ಕಳಿಸಿದ್ದಾರೆ. ಗುಂಡಿ ತೋಡಿ, ಮುಚ್ಚಿ, ಮೇಲೆ ಚಪ್ಪಟೆ ಕಲ್ಲು ಇಟ್ಟಿದೆ. ಯಾವ ನಾಯಿ ಕಲ್ಲು ಇಡುತ್ತದೆ ಅವ್ವಾ? ಹುಲ್ಲಿನ ಕೆಳಗೆ ಗೇಣು ಆಳದಲ್ಲಿ ನೀರಿನ ಸಣ್ಣ ಕೊಳವೆಗಳಿವೆ. ಅವು ಕತ್ತರಿಸಿಹೋದರೆ ಅಂಗಳವಿಡೀ ಒಣಗುತ್ತದೆ. ಸುತ್ತಲೂ ತಂತಿ ಹಾಕಿಸಿ ಎಂದು ಅವರಿಗೆ ಬರೆದಿದ್ದೇನೆ. ನೀನು ಗೇಟಿನಲ್ಲೇ ಇರುತ್ತೀಯಲ್ಲ, ದಯವಿಟ್ಟು ಸ್ವಲ್ಪ ಕಣ್ಣಿಡು. ಅಲ್ಲಿಗೆ ಬಂದು ನೋಡಲಾರದೆ ಇಲ್ಲಿ ಕೂತು ಪರದಾಡುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತಿಲ್ಲ.

ಎಲ್ವಿರಾ


ಎಲ್ ಆಲ್ಟೊ
ಏಪ್ರಿಲ್ 12

ಎಲ್ವಿರಾ,

ಕಲ್ಲು ಇಟ್ಟಿದ್ದು ನಾನೇ. ನಾಯಿ ಮತ್ತೆ ಕೆದರಬಾರದಲ್ಲ, ಅದಕ್ಕೆ. ಇದಕ್ಕೂ ವಿಚಾರಣೆಯೇ?

ನೀನು ಹೇಳಿದ ತಂತಿ ಬಂತು. ಚೆನ್ನಾಗಿ ಹೇಳಿಕೊಟ್ಟೆ! ಕಿಟಕಿಯಿಂದ ನೋಡಿದರೆ ಈಗ ಹುಲ್ಲು ಜೈಲಿನಲ್ಲಿರುವ ಹಾಗೆ ಕಾಣುತ್ತದೆ. ರೋಗಿಗಳನ್ನು ನೋಡಲು ಬಂದವರು ತಂತಿ ಎತ್ತಿ ನುಗ್ಗುತ್ತಾರೆ, ಲಂಗ ಹರಿದುಕೊಳ್ಳುತ್ತಾರೆ, ನಿನಗೆ ಶಾಪ ಹಾಕುತ್ತಾರೆ. ಅದು ನನ್ನ ಮಗಳ ಕೆಲಸ ಎಂದು ನಾನು ಬಾಯಿ ಬಿಡುವುದಿಲ್ಲ.

ಮಧ್ಯಾಹ್ನ ಭೇಟಿಯ ಹೊತ್ತಿನಲ್ಲಿ ನಾವು ನಾಲ್ಕಾರು ಹೆಂಗಸರು ಹುಲ್ಲಿನ ಮೇಲೆ ದುಂಡಗೆ ಕೂತು ಬುತ್ತಿ ಬಿಚ್ಚುತ್ತೇವೆ. ಕಾವಲುಗಾರ ಸಿಪ್ರಿಯಾನೊ ನಿನ್ನೆ ಬಂದು ಮೀಸೆ ತಿರುವಿದ.

"ಏನ್ರೀ ದೋನ್ಯಾ ನಿಕಾಸಿಯಾ, ದಿನಾ ನಿಮ್ಮ ಮೀಟಿಂಗು ಇಲ್ಲೇನಾ?"

"ನಿಮ್ಮಪ್ಪನ ಹುಲ್ಲೇನೋ ಇದು? ಟೈರು ಸುಟ್ಟು ತಗೊಂಡಿರೋ ಹುಲ್ಲು. ಕೂತ್ಕೋ, ನೀನೂ ಒಂದು ಆಲೂಗಡ್ಡೆ ತಿನ್ನು."

"ನನ್ನ ಕೆಲಸ ಹೋಗುತ್ತೆ ಕಣಮ್ಮಾ."

"ಹಂಗಾದ್ರೆ ಆ ಕಡೆ ತಿರುಗಿ ನಿಂತು ತಿನ್ನು."

ತಿರುಗಿ ನಿಂತು ತಿಂದ. ಒಳ್ಳೆಯವನೇ. ನಾವು ಕೂರುವುದು ಊಟಕ್ಕೆ, ಅಷ್ಟೇ. ನಮ್ಮ ನೆರಿಗೆ ಲಂಗಗಳು ಅಗಲ, ಹಾಗಾಗಿ ಜಾಗ ಸ್ವಲ್ಪ ಜಾಸ್ತಿ ಬೇಕು. ತಂತಿ ತೆಗೆಸು. ನಾಯಿಗಳನ್ನು ನಾನು ನೋಡಿಕೊಳ್ಳುತ್ತೇನೆ.

ಕಾಲು ಊದಿದೆ ಎಂದು ರೋಲಿ ಹೇಳಿದ. ನೀನು ಯಾಕೆ ಹೇಳಲಿಲ್ಲ?

ಅವ್ವ


ಸಾಂತಾ ಕ್ರೂಸ್
ಮೇ 15

ಅವ್ವಾ,

ಈ ಕಾಗದ ಬರೆಯಲು ಮನಸ್ಸಿಲ್ಲ. ಆದರೆ ಬೇರೆ ಯಾರ ಬಾಯಿಂದಲೋ ನಿನಗೆ ತಿಳಿಯುವುದು ಬೇಡ.

ವಾಲ್ದಿವಿಯೆಸೊ ಫೋನ್ ಮಾಡಿದ್ದರು. ತಂತಿ ಹಾಕಿದ ಮೇಲೂ ಗುಂಡಿ ನಿಂತಿಲ್ಲ, ಕೊಳವೆ ಎರಡು ಕಡೆ ಒಡೆದಿದೆ, ನೀರು ಕಾರಿಡಾರಿಗೆ ಬಂದು ದಾದಿಯೊಬ್ಬಳು ಜಾರಿ ಬಿದ್ದಳಂತೆ. "ಈ ಎತ್ತರದಲ್ಲಿ ನಾಯಿಗಳನ್ನ ಕಾಯೋಕೆ ನನ್ನ ಹತ್ರ ಜನ ಇಲ್ಲ ಮೇಡಂ. ನಡುವಂಗಳಕ್ಕೆ ಪೂರ್ತಿ ಸಿಮೆಂಟ್ ಹಾಕಿ ಟೈಲ್ಸ್ ಕೂರಿಸ್ತೀನಿ. ನಿಮ್ಮ ಸಮಾಧಾನಕ್ಕೆ ನಾಲ್ಕು ಹೂಕುಂಡ ಇಡೋಣ" ಎಂದರು. ಮನುಷ್ಯ ಕೆಟ್ಟವರಲ್ಲ. ಸುಸ್ತಾಗಿದ್ದಾರೆ. ನಾನೂ ಸುಸ್ತಾಗಿದ್ದೇನೆ.

ಕರಾರಿನ ಪ್ರಕಾರ ಮೊದಲ ವರ್ಷ ತೋಟದಲ್ಲಿ ಏನೇ ಬದಲಾಯಿಸಿದರೂ ನನ್ನ ಸಹಿ ಬೇಕು. ಅದರ ಕಾಗದ ಬರುತ್ತಿದೆ. ಸಹಿ ಹಾಕಿಬಿಡುತ್ತೇನೆ. ನಾಯಿಗಳ ಜೊತೆ ಜಗಳವಾಡಿ ಗೆಲ್ಲುವ ಶಕ್ತಿ ಈಗ ನನಗಿಲ್ಲ. ರಾತ್ರಿಯೆಲ್ಲ ಅತ್ತೆ. ರೋಲಿ ಬಸುರಿನ ಅಳು ಎಂದುಕೊಂಡ. ನಾನೂ ಹೌದೆಂದೆ.

ಎಲ್ವಿರಾ


ಎಲ್ ಆಲ್ಟೊ
ಮೇ 18

ಸಹಿ ಹಾಕಬೇಡ.

ಮೊದಲು ಇದನ್ನು ಪೂರ್ತಿ ಓದು, ಆಮೇಲೆ ಎಷ್ಟು ಬೇಕೋ ಅಷ್ಟು ಬೈ. ನಾಯಿ ಇಲ್ಲ. ಒಂದೂ ಇಲ್ಲ. ಬಂದರೆ ನಾನೇ ಕಲ್ಲು ಹೊಡೆದು ಓಡಿಸುತ್ತೇನೆ. ಗುಂಡಿ ತೋಡುತ್ತಿರುವುದು ನಾವು.

ರುಫಿನಾ ಗೊತ್ತಲ್ಲ, ನನ್ನ ಪಕ್ಕದಲ್ಲಿ ಬ್ರೆಡ್ ಮಾರುವವಳು. ಫೆಬ್ರವರಿಯಲ್ಲಿ, ಬಾಗಿಲು ತೆರೆದ ವಾರವೇ, ಇಲ್ಲಿ ಅವಳ ಹೆರಿಗೆಯಾಯಿತು. ಹಳೇ ಆಸ್ಪತ್ರೆಯಲ್ಲಿ ಮಗುವಿನ ಬೆನ್ನಿಗೇ ಬರುವ ಮಾಸನ್ನು ಕೇಳಿದರೆ ಬೈದು ಕಳಿಸುತ್ತಿದ್ದರು. ಈಗ ಕೇಳಿದವರಿಗೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಹೆಸರು ಬರೆದು, ಮರ್ಯಾದೆಯಿಂದ ಕೈಗೆ ಕೊಡುತ್ತಾರೆ. ಅದಕ್ಕೂ ನಾವೇ ಮೆರವಣಿಗೆ ಹೋಗಿದ್ದು. ಆದರೆ ರುಫಿನಾ ಅದನ್ನು ತೆಗೆದುಕೊಂಡು ಹೋಗುವುದೆಲ್ಲಿಗೆ? ಇರುವುದು ಮೂರನೇ ಮಹಡಿಯ ಬಾಡಿಗೆ ಕೋಣೆ. ಕೆಳಗಿನ ಅಂಗಳ ಸಿಮೆಂಟು, ಅದೂ ಮಾಲೀಕನದು. ರಸ್ತೆ ಸಿಮೆಂಟು. ಮೈದಾನಕ್ಕೂ ಪ್ಲಾಸ್ಟಿಕ್ ಹುಲ್ಲು ಹಾಸಿಬಿಟ್ಟಿದ್ದಾರೆ. ಎಲ್ಲೋ ಬಿಸಾಡಿದರೆ ನಾಯಿ ತಿನ್ನುತ್ತದೆ, ತಾಯಿಗೆ ಕಾಯಿಲೆ ಹಿಡಿಯುತ್ತದೆ, ಮಗು ಎಲ್ಲೂ ನೆಲೆ ನಿಲ್ಲುವುದಿಲ್ಲ. ಅವಳು ಚೀಲ ಹಿಡಿದುಕೊಂಡು ನನ್ನ ಗಾಡಿಯ ಮುಂದೆ ನಿಂತು ಅತ್ತಳು.

"ದೋನ್ಯಾ, ಮಗೂಗೆ ಬಟ್ಟೆ ಹೊಂದಿಸ್ದೆ, ತೊಟ್ಟಿಲು ಹೊಂದಿಸ್ದೆ. ಒಂದು ಹಿಡಿ ಮಣ್ಣು ಹೊಂದಿಸೋಕಾಗ್ಲಿಲ್ವಲ್ಲಾ."

ನಮ್ಮ ಬೀದಿಗಳಲ್ಲಿ ಎಲ್ಲರದೂ ಅನ್ನಬಹುದಾದ ಮಣ್ಣು ಉಳಿದಿರುವುದು ನಿನ್ನ ಆ ಅಂಗಳದಲ್ಲಿ ಮಾತ್ರ, ಎಲ್ವಿರಾ. ನಾನೇ ಅವಳನ್ನು ಕರೆದುಕೊಂಡು ಹೋದೆ. ಇಬ್ಬರು ಮೂವರು ಸುತ್ತ ಲಂಗ ಹರಡಿಕೊಂಡು ಕೂತೆವು. ಬುತ್ತಿ ಬಿಚ್ಚಿದೆವು, ಜೋರಾಗಿ ನಕ್ಕೆವು. ನಡುವೆ ರುಫಿನಾ ಲಂಗದ ಮರೆಯಲ್ಲಿ ಸೌಟಿನಿಂದ ಮಣ್ಣು ತೋಡಿದಳು. ಒಂದೆರಡು ಕೋಕಾ ಎಲೆ ಇಟ್ಟಳು, ಮುಚ್ಚಿದಳು, ಕಲ್ಲು ಇಟ್ಟಳು. ಸುದ್ದಿ ಹೆರಿಗೆ ವಾರ್ಡಿನಲ್ಲಿ ಹಬ್ಬಿತು. ಈಗ ವಾರದಲ್ಲಿ ಹಲವು ಸಲ ನನಗೆ ಊಟದ ಕರೆ ಬರುತ್ತದೆ. ಹಸಿವಿಲ್ಲದಿದ್ದರೂ ತಿನ್ನುತ್ತೇನೆ.

ನಿನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ನೀನು ಆ ಅಂಗಳದ ಬಗ್ಗೆ ಮಾತಾಡುವಾಗ ಎಷ್ಟು ಸಂತೋಷಪಡುತ್ತಿದ್ದೆ ಎಂದು ನೋಡಿದ್ದೆ. ಹುಲ್ಲನ್ನು ಹಾಳು ಮಾಡುತ್ತಿರುವವಳು ನಿನ್ನ ಅವ್ವ ಎಂದು ಯಾವ ಬಾಯಲ್ಲಿ ಹೇಳಲಿ? ನಾಯಿ ಎಂದುಬಿಟ್ಟೆ. ಆ ನಾಯಿ ಈಗ ಸಿಮೆಂಟು ತರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ನಿನ್ನ ಮಗುವಿನದನ್ನು ಏನು ಮಾಡುತ್ತೀಯ ಎಂದು ನಾನು ಕೇಳುವುದಿಲ್ಲ.

ಬೈಗುಳಕ್ಕೆ ಕಾಯುತ್ತಾ,
ಅವ್ವ


ಸಾಂತಾ ಕ್ರೂಸ್
ಜೂನ್ 5

ಅವ್ವಾ,

ಎರಡು ಕಾಗದ ಬರೆದು ಹರಿದೆ. ಅವುಗಳಲ್ಲಿದ್ದ ಮಾತುಗಳನ್ನು ನಿನ್ನಂಥವಳೂ ತಡೆದುಕೊಳ್ಳುತ್ತಿರಲಿಲ್ಲ.

ಇಲ್ಲದ ನಾಯಿಗಳಿಗೆ ನನ್ನಿಂದ ತಂತಿ ಹಾಕಿಸಿದೆ! ನಾಯಿ ಓಡಿಸುವ ಔಷಧಿ ಯಾವುದು ಎಂದು ನಾನು ಪಶುವೈದ್ಯರನ್ನು ಕೇಳಿದ್ದೇನೆ, ಗೊತ್ತೇ? ಅವರು ನಾಯಿಯ ಜಾತಿ ಯಾವುದೆಂದು ಕೇಳಿದರು. ನಾನು ನಿರ್ದೇಶಕರ ಮುಂದೆ ನಾಯಿಗಳ ಪರವಾಗಿ ಕ್ಷಮೆ ಕೇಳಿದ್ದೇನೆ. ಮೊದಲೇ ಒಂದು ಮಾತು ಹೇಳಿದ್ದರೆ ಕೊಳವೆಗಳನ್ನು ಪಕ್ಕಕ್ಕೆ ಸರಿಸಿ, ಒಂದು ಪಟ್ಟಿ ಮಣ್ಣನ್ನು ಹುಲ್ಲಿಲ್ಲದೆ ಬಿಡುತ್ತಿದ್ದೆ. ಅದು ಒಂದು ಮಧ್ಯಾಹ್ನದ ಕೆಲಸ. ನಾನು ಬೆಳೆದದ್ದೂ ಅದೇ ಬೀದಿಯಲ್ಲಿ. ನನಗೆ ಅರ್ಥವಾಗುವುದಿಲ್ಲ ಎಂದು ನೀನು ಹೇಗೆ ತೀರ್ಮಾನಿಸಿದೆ? ಓದಿದ್ದಕ್ಕೆ ಹೊರಗಿನವಳಾಗಿಬಿಟ್ಟೆನೇ? ಸಿಟ್ಟಿಗಿಂತ ಇದೇ ಹೆಚ್ಚು ನೋಯುತ್ತಿದೆ.

ಸಹಿ ಹಾಕಿಲ್ಲ. ಹೊಸ ನಕ್ಷೆ ಮಾಡಿದ್ದೇನೆ. ಅಂಗಳದ ಬಿಸಿಲಿನ ಬದಿಯಲ್ಲಿ ಬರಿಯ ಮಣ್ಣಿನ ಪಾತಿ, ಅದರಲ್ಲಿ ಕಿಸ್ವಾರಾ ಸಸಿಗಳು, ಸುತ್ತ ಕೂರಲು ಕಲ್ಲಿನ ಕಟ್ಟೆ. ಸಸಿ ನೆಡಲು ಆಳವಾದ ಗುಂಡಿ ಬೇಕೇ ಬೇಕು. ಒಂದು ಪ್ರತಿ ನಿರ್ದೇಶಕರಿಗೆ, ಇನ್ನೊಂದು ನಿನಗೆ. ಹೋಗಿ ಮಾತಾಡು. ಈ ಸಲವಾದರೂ ನಿಜ ಹೇಳು.

ಕೇಳುವುದಿಲ್ಲ ಎಂದು ಬರೆದರೆ ಕೇಳಿದ ಹಾಗೆಯೇ. ನನ್ನ ಮಗುವಿನದನ್ನು ಏನು ಮಾಡುತ್ತೇನೋ ನನಗಿನ್ನೂ ಗೊತ್ತಿಲ್ಲ ಅವ್ವಾ.

ಎಲ್ವಿರಾ


ಎಲ್ ಆಲ್ಟೊ
ಜುಲೈ 8

ಎಲ್ವಿರಾ,

ಹೋದೆವು. ನಿಜ ಹೇಳಿದೆವು. ಹೇಳಬಾರದಿತ್ತು ಎಂದು ಈಗ ಅನ್ನಿಸುತ್ತಿದೆ.

ರುಫಿನಾ ಮಗುವನ್ನು ಎತ್ತಿಕೊಂಡು ಬಂದಿದ್ದಳು. ವಾಲ್ದಿವಿಯೆಸೊ ಕುರ್ಚಿ ಕೊಟ್ಟರು, ಚಹಾ ತರಿಸಿದರು, ನಿನ್ನ ನಕ್ಷೆಯನ್ನು ಮೇಜಿನ ಮೇಲೆ ಬಿಚ್ಚಿದರು. ನಾನು ವಿಷಯ ಹೇಳುತ್ತಿದ್ದ ಹಾಗೆ ಅವರ ಕಣ್ಣು ಕಿಟಕಿಯ ಆಚೆ ಒಂದೊಂದೇ ಕಲ್ಲಿನ ಮೇಲೆ ಹೋಯಿತು.

"ಅಷ್ಟೂ... ಅದೇನಾ?"

"ಅದೇ ಡಾಕ್ಟ್ರೇ."

"ಅಮ್ಮಾ, ಕಾನೂನು ಪ್ರಕಾರ ನಿಮ್ಮ ಕೈಗೆ ಕೊಡ್ತೀವಿ. ಆಚೆ ಎಲ್ಲಿ ಬೇಕಾದ್ರೂ ಹೂತ್ಕೊಳ್ಳಿ. ಇಲ್ಲಿ ಕೊಳೆತು ಯಾರಿಗಾದ್ರೂ ಸೋಂಕು ತಗುಲಿದ್ರೆ ಜೈಲಿಗೆ ಹೋಗೋನು ನಾನು."

"ಆಚೆ ಅಂದ್ರೆ ಎಲ್ಲಿ?" ಎಂದಳು ರುಫಿನಾ. "ನಮ್ಮನೇಲಿ ಮಣ್ಣು ಇರೋದು ಒಂದು ಡಬ್ಬೀಲಿ. ಅದ್ರಲ್ಲಿ ಈರುಳ್ಳಿ ಹಾಕಿದೀನಿ."

"ಇದು ಆಸ್ಪತ್ರೆ ತಾಯಿ, ಸ್ಮಶಾನ ಅಲ್ಲ."

ನನಗೆ ರೇಗಿತು. "ಸ್ಮಶಾನದಲ್ಲಿ ಹೂಳೋದು ಸತ್ತೋರನ್ನ. ಇವ್ಳ ತೊಡೆಮೇಲಿರೋನು ನಿಮ್ಮ ಪೆನ್ನು ಕಿತ್ಕೋತಿದಾನೆ ನೋಡಿ."

ಮಗು ನಿಜವಾಗಿಯೂ ಪೆನ್ನಿಗೆ ಕೈ ಹಾಕಿತ್ತು. ಅವರು ನಗಲಿಲ್ಲ. ಪೆನ್ನನ್ನು ಬಿಡಿಸಿಕೊಂಡು ಜೇಬಿಗಿಟ್ಟರು. ಮರುದಿನವೇ ಲಾರಿಯಲ್ಲಿ ಟೈಲ್ಸ್ ಬಂತು. ಈಗ ನಡುವಂಗಳದಲ್ಲಿ ಎದೆಮಟ್ಟ ರಾಶಿ ಬಿದ್ದಿದೆ, ಬೂದು ಬಣ್ಣ. ನಿನ್ನ ಸಹಿ ಬಂದ ದಿನ ಕೆಲಸ ಶುರು ಮಾಡುತ್ತಾರಂತೆ. ಸಹಿ ಬರದಿದ್ದರೆ ಫೆಬ್ರವರಿಯಲ್ಲಿ ವರ್ಷ ಮುಗಿಯುವ ತನಕ ಕಾಯುತ್ತಾರಂತೆ. ಸಿಪ್ರಿಯಾನೊನನ್ನು ಹಿಂದಿನ ಗೇಟಿಗೆ ಹಾಕಿದ್ದಾರೆ. ಹೊಸ ಕಾವಲುಗಾರನಿಗೆ ಆಲೂಗಡ್ಡೆ ಇಷ್ಟವಿಲ್ಲ.

ನಿನ್ನೆ ಹೆರಿಗೆ ವಾರ್ಡಿನಿಂದ ಒಬ್ಬಳು ಹುಡುಗಿ ಚೀಲ ಹಿಡಿದು ಬಂದಳು. ಕಾವಲುಗಾರ ಬಿಡಲಿಲ್ಲ. ಅವಳು ಆ ಚಳಿಯಲ್ಲಿ ಬಸ್ಸಿಗೆ ನಿಂತಳು. ಎಲ್ಲಿಗೆ ಹೋದಳೋ ಗೊತ್ತಿಲ್ಲ. ನಾನು ಆಪಿ ಕೊಟ್ಟೆ, ಇನ್ನೇನೂ ಕೊಡಲಾಗಲಿಲ್ಲ.

ನಿನ್ನನ್ನು ಹೊರಗಿನವಳು ಎಂದುಕೊಂಡಿರಲಿಲ್ಲ. ಆದರೆ ಆ ಮಾತು ನಾಲ್ಕು ದಿನ ನನ್ನ ನಿದ್ದೆ ಕೆಡಿಸಿತು. ಆದ್ದರಿಂದ ಸ್ವಲ್ಪ ಅಂದುಕೊಂಡಿದ್ದೆನೇನೋ. ಕ್ಷಮಿಸು.

ಅವ್ವ


ಸಾಂತಾ ಕ್ರೂಸ್
ಆಗಸ್ಟ್ 10

ಅವ್ವಾ,

ನಿನ್ನ ಮೊಮ್ಮಗಳು ಹಾಲು ಕುಡಿದು ಮಲಗಿದ್ದಾಳೆ. ಫೋನಿನಲ್ಲಿ ಅವಳ ಅಳು ಕೇಳಿದ್ದೀಯ. ಮೂಗು ನಿನ್ನದೇ. ರೋಲಿಯ ಅಮ್ಮನಿಗೆ ಇದರಿಂದ ಸ್ವಲ್ಪ ಬೇಸರವಾಗಿದೆ.

ಫೋನಿನಲ್ಲಿ ಹೇಳಲಾಗದ ಒಂದು ವಿಷಯವಿದೆ. ರಕ್ತದೊತ್ತಡ ಏರಿತೆಂದು ಕೊನೆಗೆ ಕೊಯ್ದೇ ತೆಗೆದರು. ಎಚ್ಚರವಾದಾಗ ಮೊದಲು ಮಗುವನ್ನು ಕೇಳಿದೆ. ಆಮೇಲೆ ಮಾಸನ್ನು ಕೇಳಿದೆ. ದಾದಿಗೆ ನಾನೇನು ಕೇಳುತ್ತಿದ್ದೇನೆ ಎಂದೇ ತಿಳಿಯಲಿಲ್ಲ. ತಿಳಿದ ಮೇಲೆ "ಅಯ್ಯೋ, ಅದನ್ನ ಆಗ್ಲೇ ಕಳಿಸಿಬಿಟ್ವಲ್ಲಾ, ಸುಡೋಕೆ" ಎಂದಳು. ತುಂಬಾ ಒಳ್ಳೆಯ ಹುಡುಗಿ, ನನ್ನ ತಲೆ ಬಾಚಿಕೊಟ್ಟಳು. ರೋಲಿಯನ್ನು ಯಾರೂ ಕೇಳಿರಲಿಲ್ಲ. ನಾನು ಅವನಿಗೆ ಹೇಳಿರಲಿಲ್ಲ. ಹೇಳಿದರೆ ನಕ್ಕುಬಿಡುತ್ತಾನೇನೋ ಎಂದು ಸುಮ್ಮನಿದ್ದೆ. ನಾಯಿ ಎಂದು ಹೇಳಿದವಳ ಮಗಳಲ್ಲವೇ ನಾನು.

ಮಗುವಿನ ಹೊಕ್ಕುಳಬಳ್ಳಿ ಮೊನ್ನೆ ಒಣಗಿ ಉದುರಿತು. ಅದನ್ನಾದರೂ ಮಣ್ಣಿಗೆ ಹಾಕೋಣ ಎಂದು ಎದ್ದು ಹೊರಟೆ. ಐದನೇ ಮಹಡಿಯಿಂದ ಇಳಿದು, ಹೊಲಿಗೆ ನೋಯುತ್ತಿದ್ದರೂ ಇಡೀ ಬೀದಿ ಸುತ್ತಿದೆ. ಬೇರೆಯವರ ಗೇಟುಗಳ ಹಿಂದೆ ತೋಟಗಳಿವೆ. ಅವುಗಳಲ್ಲಿ ಒಂದನ್ನು ಬಿಡಿಸಿದವಳೂ ನಾನೇ. ಅದರ ಕಾವಲುಗಾರ "ಯಾರನ್ನ ನೋಡ್ಬೇಕಿತ್ತು?" ಎಂದ. ಏನು ಹೇಳಲಿ? ವಾಪಸು ಬಂದು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. ರುಫಿನಾ ನಿನ್ನ ಗಾಡಿಯ ಮುಂದೆ ನಿಂತು ಅತ್ತದ್ದು ಆಗ ಗೊತ್ತಾಯಿತು. ನಿನ್ನ ಕಾಗದ ಓದಿದಾಗ ಗೊತ್ತಾಗಿರಲಿಲ್ಲ.

ಈ ಗಂಟಿನಲ್ಲಿ, ಮಗುವಿನ ಒಂದು ಕಾಲುಚೀಲದೊಳಗೆ, ಬೆಂಕಿಪೊಟ್ಟಣವಿದೆ. ಡ್ರೈವರ್ ಅಲುಗಾಡಿಸಿ ನೋಡದಿರಲಿ. ಎಲ್ಲಿ ಇಡಬೇಕು ಎಂದು ನಿನಗೆ ಗೊತ್ತು.

ಎಲ್ವಿರಾ


ಎಲ್ ಆಲ್ಟೊ
ಆಗಸ್ಟ್ 17

ಮಗಳೇ,

ಸುಟ್ಟರೆಂದು ಓದಿದಾಗ ನಾನು ಗಾಡಿಯ ಹಿಂದೆ ಕೂತು ಸಿಕ್ಕ ಸಿಕ್ಕವರಿಗೆಲ್ಲ ಬೈದೆ. ಡಾಕ್ಟರಿಗೆ, ದಾದಿಗೆ, ರೋಲಿಗೆ, ನಿನಗೆ, ಕೊನೆಗೆ ನನಗೆ. ಕೇಳುವುದಿಲ್ಲ ಎಂದು ಬರೆಯುವ ಬದಲು ನೇರವಾಗಿ ಕೇಳಬೇಕಿತ್ತು. ಅಷ್ಟು ಹೊತ್ತಿಗೆ ಆಪಿ ತಳ ಹಿಡಿದಿತ್ತು. ರುಫಿನಾ ಬಂದು ಒಲೆ ಆರಿಸಿದಳು.

ಆಗಸ್ಟ್ ತಿಂಗಳಲ್ಲಿ ಭೂಮಿತಾಯಿ ಬಾಯಿ ತೆರೆದುಕೊಂಡಿರುತ್ತಾಳೆ, ಕೊಟ್ಟದ್ದನ್ನು ಬೇಡ ಎನ್ನುವುದಿಲ್ಲ. ತಡ ಮಾಡಬಾರದೆಂದು ಇವತ್ತೇ ಹೋದೆ. ಹಿಂದಿನ ಗೇಟಿನಲ್ಲಿ ಸಿಪ್ರಿಯಾನೊ ಇದ್ದ.

"ಏನ್ ದೋನ್ಯಾ, ಈ ಕಡೆ? ಯಾರ್ದು?"

"ನಮ್ಮನೇದು."

ಅವನು ಬೀಗ ತೆಗೆದು, ಆ ಕಡೆ ತಿರುಗಿ ನಿಂತ. ಆಲೂಗಡ್ಡೆ ಕೊಡಹೋದರೆ ಬೇಡವೆಂದ.

ಹೆಂಗಸರೆಲ್ಲ ಅದೇ ಗೇಟಿನಿಂದ ನನ್ನ ಹಿಂದೆಯೇ ಬಂದರು. ಕರೆದಿರಲಿಲ್ಲ. ಟೈಲ್ಸಿನ ರಾಶಿ ಈಗ ಒಂದು ಬದಿಯಲ್ಲಿ ಕುಸಿದು, ಕೂರಲು ಹೇಳಿ ಮಾಡಿಸಿದ ಹಾಗಿದೆ. ಅದರ ಮೇಲೆ ಸಾಲಾಗಿ ಲಂಗ ಹರಡಿ ಕೂತರು. ಕೊನೆಗೂ ನಿನ್ನ ಬೆಂಚು ಬಂತು ಅಂದುಕೋ. ನಾನು ನೆಲದ ಮೇಲೆ ಕೂತೆ. ಚಳಿಗಾಲದ ಹಿಮ ಬಿದ್ದು ಹುಲ್ಲು ಹಳದಿಯಾಗಿದೆ, ಮಣ್ಣು ಗಟ್ಟಿಯಾಗಿದೆ. ಸೌಟು ಬಾಗಿತು, ಕೈಯಿಂದಲೇ ತೋಡಿದೆ. ಪೊಟ್ಟಣ ಬಿಚ್ಚಿ, ಬಳ್ಳಿಯನ್ನು ಕೋಕಾ ಎಲೆಯಲ್ಲಿ ಸುತ್ತಿ ಇಟ್ಟೆ. ಮೂರನೇ ಮಹಡಿಯ ಕಿಟಕಿಯಲ್ಲಿ ಮೂಗಿಗೆ ನಳಿಗೆ ಹಾಕಿಕೊಂಡ ಒಬ್ಬ ಮುದುಕ ನಮ್ಮನ್ನೇ ನೋಡುತ್ತಿದ್ದ. ಅವನಿಗೆ ಅಲ್ಲಿಂದ ಎಲ್ಲವೂ ಕಾಣುತ್ತಿತ್ತು. ಟೋಪಿ ತೆಗೆದ.

ನಿನ್ನ ಮಗಳು ಇರುವುದು ಸರಿಯಾಗಿ ಅಂಗಳದ ನಡುವೆ. ಟೈಲ್ಸ್ ಕೂರಿಸುವುದಾದರೆ ಅವಳಿಂದಲೇ ಶುರು ಮಾಡಬೇಕು.

ಸಹಿಯ ಕಾಗದ ಮತ್ತೆ ಬರುತ್ತದೆ. ಫೆಬ್ರವರಿಯ ತನಕ ಬರುತ್ತಲೇ ಇರುತ್ತದೆ. ಅಷ್ಟರಲ್ಲಿ ಅವಳನ್ನು ಎತ್ತಿಕೊಂಡು ನೀನೇ ಹತ್ತಿ ಬಾ. ನಾವು ರಾಶಿಯ ಮೇಲೆ ಕೂತಿರುತ್ತೇವೆ, ನಿನಗೂ ಜಾಗ ಬಿಟ್ಟಿರುತ್ತೇವೆ. ಅಲ್ಲಿಯ ತನಕ ಪೆನ್ನನ್ನು ಅವಳ ಕೈಗೆ ಕೊಡು, ಕಚ್ಚುತ್ತಿರಲಿ.

ನಿನ್ನ ಅವ್ವ, ಅವಳ ಅಜ್ಜಿ,
ನಿಕಾಸಿಯಾ